ವಿಮಾನಕ್ಕೆ ಮಸಿ ಹಚ್ಚಿದ್ದು

ಹೋದ ಭಾನುವಾರ ನೀವಿಬ್ಬರೂ ಬಂದಾಗ ಗಾಜಿನ ಕಪಾಟಿನ ಮುಂದೆ ನಿಂತು, "ಅಜ್ಜಿ, ಎಲ್ಲಾ ಪ್ಲೇನೂ ಶೈನಿಂಗ್, ಇದೊಂದು ಯಾಕೆ ಇಷ್ಟು ಡರ್ಟಿ?" ಎಂದು ಕೇಳಿದಿರಿ. ನಾನು "ಚಿಕ್ಕಜ್ಜನನ್ನು ಕೇಳಿ" ಎಂದು ಹೇಳಿ ಅಡುಗೆಮನೆಗೆ ಹೋಗಿಬಿಟ್ಟೆ. ಎದುರು ನಿಂತು ಉದ್ದಕ್ಕೆ ಮಾತಾಡುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ, ಅದು ಸುಲಭ. ಕನ್ನಡ ಓದಲು ನಿಮಗೆ ತಡವಾಗುತ್ತದೆ, ನಿಮ್ಮ ಅಮ್ಮ ಓದಿ ಹೇಳಲಿ. ಚಿಕ್ಕಜ್ಜನನ್ನು ಕೇಳಿದರೆ ತಪ್ಪೆಲ್ಲಾ ನನ್ನದೇ ಎಂದು ಹೇಳುತ್ತಾರೆ. ಅರ್ಧ ಮಾತ್ರ ನನ್ನದು.

ಚಿಕ್ಕಜ್ಜ ಎಂದರೆ ನಿಮ್ಮ ಅಜ್ಜನ ತಮ್ಮ, ನನಗೆ ಮೈದುನ. ಮದುವೆಯಾಗಲಿಲ್ಲ, ನಮ್ಮ ಜೊತೆಯಲ್ಲೇ ಉಳಿದರು. ಉಡುಪಿಯ ಕಡೆಯಿಂದ ಬಂದ ಅಣ್ಣ ತಮ್ಮ ಇಬ್ಬರೂ ಸೇರಿ ಇಲ್ಲಿ ಬಂಗಾಳದಲ್ಲಿ ಹೋಟೆಲು ನಡೆಸಿದರು. ಅಣ್ಣ ಗಲ್ಲೆಯಲ್ಲಿ ಕೂತರೆ ತಮ್ಮ ಮದುವೆಮನೆಗಳ ಊಟ ಒಪ್ಪಿಕೊಂಡು ಪಾತ್ರೆ ಪರಡಿಗಳೊಂದಿಗೆ ಊರೆಲ್ಲಾ ತಿರುಗುತ್ತಿದ್ದರು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಹೋಟೆಲನ್ನು ನಿಮ್ಮ ಮಾವ ನೋಡಿಕೊಳ್ಳತೊಡಗಿದ, ಚಿಕ್ಕಜ್ಜನಿಗೆ ಬಿಡುವಾಯಿತು. ಅವರಿಗೆ ಬಿಡುವಾದದ್ದೇ ನನಗೆ ಕೆಲಸವಾಯಿತು.

ಒಂದು ಪೆಟ್ಟಿಗೆ ಬರುತ್ತದೆ. ಅದರೊಳಗೆ ಬೂದು ಬಣ್ಣದ ಪ್ಲಾಸ್ಟಿಕ್ಕಿನ ಚೌಕಟ್ಟುಗಳು. ಚೌಕಟ್ಟಿಗೆ ಅಂಟಿಕೊಂಡು ರೆಕ್ಕೆ, ಚಕ್ರ, ಬಾಗಿಲು, ಪೈಲಟ್ಟಿನ ಕುರ್ಚಿ. ಒಂದೊಂದನ್ನೂ ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿದರೆ ನಿಜವಾದ ವಿಮಾನದ ಎಪ್ಪತ್ತೆರಡರಲ್ಲಿ ಒಂದು ಪಾಲಿನ ವಿಮಾನವಾಗುತ್ತದೆ. ಒಮ್ಮೊಮ್ಮೆ ಕಾರು. ಕೇಳಲು ಎಷ್ಟು ಶಾಂತವಾದ ಹವ್ಯಾಸ! ಮುಳ್ಳು ತೆಗೆಯುವ ನನ್ನ ಚಿಮುಟ ಹೋಯಿತು. ಬತ್ತಿ ಹೊಸೆಯಲು ಇಟ್ಟ ಹತ್ತಿ ಹೋಯಿತು. ತುಪ್ಪ ಕಾಯಿಸಿದರೂ ಮನೆಯಲ್ಲಿ ಥಿನ್ನರಿನ ವಾಸನೆ. ದಿನಕ್ಕೆ ಎರಡು ಸಲವಾದರೂ ಬಾಲ್ಕನಿಯ ಕೋಣೆಯಿಂದ "ಯಾರೂ ನಡೀಬೇಡಿ!" ಎಂಬ ಕೂಗು. ಸಾಸಿವೆಯಷ್ಟು ದೊಡ್ಡ ಏನೋ ಒಂದು ಕೆಳಗೆ ಬಿದ್ದಿರುತ್ತದೆ, ನಾನು ಒಂದು ಕಾಲೆತ್ತಿ ಕೊಕ್ಕರೆಯ ಹಾಗೆ ನಿಲ್ಲಬೇಕು, ಅವರು ಟಾರ್ಚು ಹಿಡಿದು ನೆಲದ ಮೇಲೆ ತೆವಳಬೇಕು. ಒಮ್ಮೆ ಕಾರಿನ ಸ್ಟೇರಿಂಗು ನನಗೆ ಉದ್ದಿನಬೇಳೆಯಲ್ಲಿ ಸಿಕ್ಕಿತು. ನೆನೆಹಾಕುವ ಮೊದಲು ಆರಿಸಿದ್ದರಿಂದ ಉಳಿಯಿತು, ಇಲ್ಲದಿದ್ದರೆ ಇಡ್ಲಿಯಲ್ಲಿರುತ್ತಿತ್ತು. ತಂದುಕೊಟ್ಟರೆ ಒಂದು ಒಳ್ಳೆಯ ಮಾತಿಲ್ಲ.

"ಬೇಳೆ ಡಬ್ಬದ ಮುಚ್ಚಳ ಎಂತಕ್ಕೆ ತೆರೆದಿಟ್ಟದ್ದು ಅತ್ತಿಗೆ?"

ಆದರೂ ಮುಗಿದ ಮೇಲೆ ಚಂದ ಕಾಣುತ್ತಿದ್ದವು. ಫಳಫಳ ಹೊಳೆಯುವ ಬೆಳ್ಳಿ ಬಣ್ಣದ ವಿಮಾನ, ಕೆಂಪು ಕಾರು. ಅವೆಲ್ಲ ಗಾಜಿನ ಕಪಾಟಿಗೆ ಬಂದವು. ವಾರಕ್ಕೊಮ್ಮೆ ಮೆತ್ತನೆಯ ಬ್ರಷ್ಷಿನಿಂದ ಅವುಗಳ ಧೂಳು ಹೊಡೆಯುವುದು ನನ್ನ ಪಾಲಿಗೆ ಬಂತು. ಒಂದನ್ನೂ ನಾನು ಮುರಿದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ನೀವು ಕೇಳಿದ ವಿಮಾನದ ಕಥೆ ಬೇರೆ. ಕ್ಯಾಟರಿಂಗ್ ಮಾಡುತ್ತಿದ್ದ ಕಾಲದಲ್ಲಿ ದಮ್ ದಮ್ ಕಡೆ ಮದುವೆಯೊಂದಕ್ಕೆ ಹೋದಾಗ ವಿಮಾನ ನಿಲ್ದಾಣದ ಬೇಲಿಯ ಆಚೆ ಮೂಲೆಯಲ್ಲಿ ಒಂದು ಹಳೆಯ ಸರಕು ವಿಮಾನ ನಿಂತದ್ದನ್ನು ಚಿಕ್ಕಜ್ಜ ನೋಡಿದ್ದರಂತೆ. ಎರಡು ಇಂಜಿನ್ನಿನದು. ಚಕ್ರದ ಗಾಳಿ ಹೋಗಿ, ಸುತ್ತ ಹುಲ್ಲು ಬೆಳೆದು, ರೆಕ್ಕೆಯ ಮೇಲೆ ಕೊಕ್ಕರೆಗಳು ಕೂತಿದ್ದವಂತೆ. ಅನ್ನದ ಹಂಡೆ ಇಳಿಸುವುದನ್ನು ಬಿಟ್ಟು ಅದನ್ನೇ ನೋಡುತ್ತ ನಿಂತು, ಆಮೇಲೆ ಹೋಟೆಲಿನಲ್ಲಿ ಅಣ್ಣನಿಂದ ಬೈಸಿಕೊಂಡಿದ್ದರು. ಆ ವಿಮಾನವನ್ನು ಇದ್ದ ಹಾಗೆಯೇ ಮಾಡಬೇಕೆಂದು ಅವರಿಗೆ ಎಷ್ಟೋ ವರ್ಷದ ಆಸೆ.

ಅದನ್ನು ಶುರುಮಾಡಿದ ಬೇಸಿಗೆಯಲ್ಲೇ ಅವರ ಬಲಗೈ ನಡುಗತೊಡಗಿತು. ಯಾರಿಗೂ ಹೇಳಲಿಲ್ಲ. ನನಗೆ ಗೊತ್ತಾದದ್ದು ಕಾಫಿಯಿಂದ. ಲೋಟ ತುಂಬಿಸಿ ಕೊಟ್ಟರೆ ಮುಟ್ಟದೆ ನಾನು ಆಚೆ ಹೋಗುವುದನ್ನೇ ಕಾಯುತ್ತಿದ್ದರು. ಬಂದು ನೋಡಿದರೆ ಮೇಜಿನ ಮೇಲೆ ಒರೆಸಿದ ಗುರುತು. ನಾನು ಅರ್ಧ ಲೋಟ ಕೊಡತೊಡಗಿದೆ. ಯಾಕೆ ಅರ್ಧ ಎಂದು ಅವರು ಕೇಳಲಿಲ್ಲ.

"ಡಾಕ್ಟರ ಹತ್ತಿರ ಹೋಗು ಮಾರಾಯ," ಎಂದೆ ಒಂದು ದಿನ.

"ಎಂತಕ್ಕೆ?"

"ಕೈಗೆ."

"ಕೈಗೆ ಎಂತ ಆಗಿದೆ? ಪ್ರದರ್ಶನ ಮುಗೀಲಿ, ಮತ್ತೆ ನೋಡುವ."

ಪ್ರದರ್ಶನವೆಂದರೆ ಇಂಥದೇ ಹುಚ್ಚಿರುವವರ ಕೂಟದ್ದು. ಪ್ರತಿ ಚಳಿಗಾಲದಲ್ಲಿ ಎಸ್ಪ್ಲನೇಡಿನ ಹತ್ತಿರ ಒಂದು ಹಾಲಿನಲ್ಲಿ ಮೇಜು ಜೋಡಿಸಿ, ತಾವು ಮಾಡಿದ್ದನ್ನು ಇಡುತ್ತಾರೆ, ಸ್ಪರ್ಧೆಯೂ ಇರುತ್ತದೆ. ಈ ವಿಮಾನ ಆ ಮೇಜಿಗೆ ಹೋಗಬೇಕಿತ್ತು. ಆ ಕೈಯಲ್ಲಿ ಇನ್ನೊಂದು ಆಗುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಅದರ ಮಾತೆತ್ತುತ್ತಿರಲಿಲ್ಲ.

ಇನ್ನು ನನ್ನ ಪಾಲಿನ ತಪ್ಪು. ನವಮಿಯ ದಿನ ಇಲ್ಲಿ ದುರ್ಗಾಪೂಜೆ, ನಮ್ಮಲ್ಲಿ ಆಯುಧಪೂಜೆ. ಹೊರಗೆ ಪೂಜೆಯ ಡೋಲು, ಢಾಕ್, ಬಡಿಯುತ್ತಿತ್ತು, ಒಳಗೆ ನಾನು ಈಳಿಗೆಮಣೆ, ಹೊಲಿಗೆ ಯಂತ್ರ, ಗ್ರೈಂಡರಿನ ಕಲ್ಲು, ನಿಮ್ಮ ಮಾವನ ಸ್ಕೂಟರಿನ ಕೀಲಿಕೈ ಎಲ್ಲವನ್ನೂ ತೊಳೆದು ಒರೆಸಿ ದೇವರ ಮುಂದೆ ಜೋಡಿಸುತ್ತಿದ್ದೆ. ಚಿಕ್ಕಜ್ಜ ತಮ್ಮ ಚೂರಿ, ಅರ, ಬ್ರಷ್ಷುಗಳನ್ನು ಒಂದು ತಟ್ಟೆಯಲ್ಲಿ ತಂದರು. ಜೊತೆಗೆ ವಿಮಾನ.

"ಅತ್ತಿಗೆ, ಇದನ್ನೂ ಪೂಜೆಗೆ ಇಡಿ. ಮೊನ್ನೆಯಷ್ಟೇ ಮುಗೀತು," ಎಂದು ಹೇಳಿ ಪಾಡಾದ, ಎಂದರೆ ನಮ್ಮ ಕೇರಿಯ, ಪೆಂಡಾಲಿನಲ್ಲಿ ಪ್ರಸಾದದ ಖಿಚುಡಿ ಬಡಿಸಲು ಹೊರಟೇಹೋದರು.

ಅವರು ಬಾಗಿಲು ಹಾಕಿಕೊಂಡು ಕೆಲಸ ಮಾಡುತ್ತಿದ್ದರು, ಅದುವರೆಗೆ ನಾನು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ನೋಡಿದರೆ ರೆಕ್ಕೆಯ ತುಂಬ ಕಪ್ಪು, ಹೊಟ್ಟೆಯಡಿ ಎಣ್ಣೆ ಇಳಿದ ಕಲೆ, ಚಕ್ರದಲ್ಲಿ ಕೆಸರು. ನಾಲ್ಕು ತಿಂಗಳು ಬಾಲ್ಕನಿಯ ಕೋಣೆಯಲ್ಲಿಟ್ಟರೆ ಮತ್ತೇನಾಗುತ್ತದೆ, ಈ ಊರಿನ ಧೂಳು ಗೊತ್ತಲ್ಲ ಎಂದುಕೊಂಡೆ. ಪೂಜೆಗೆ ಕೊಳೆಯಾದ ವಸ್ತು ಇಡುವುದುಂಟೇ? ಅಂಟುವಾಳದ ನೀರಿನಲ್ಲಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ, ನಿಧಾನವಾಗಿ, ಒಂದು ಚಕ್ರವೂ ಅಲುಗದ ಹಾಗೆ ತೊಳೆದೆ. ಎಷ್ಟು ಚೆನ್ನಾಗಿ ಬಿಟ್ಟಿತು ಕೊಳೆ! ಮೂತಿಗೆ ಗಂಧ, ಅದರ ಮೇಲೆ ಕುಂಕುಮ, ಪಂಖದ ಎಡೆಯಲ್ಲಿ ಒಂದು ಶಿವುಲಿ, ನಮ್ಮ ಪಾರಿಜಾತದ, ಹೂವು. ವಾಹನದ ಚಕ್ರದಡಿ ನಿಂಬೆಹಣ್ಣು ಇಡಬೇಕಲ್ಲ, ಅಷ್ಟು ಸಣ್ಣ ನಿಂಬೆ ಎಲ್ಲಿ ತರುವುದು? ಎರಡು ಕಾಳುಮೆಣಸು ಇಟ್ಟೆ. ಎಲ್ಲಕ್ಕಿಂತ ಅದೇ ಚೆನ್ನಾಗಿ ಕಾಣುತ್ತಿತ್ತು.

ಮಧ್ಯಾಹ್ನ ಬಂದ ಚಿಕ್ಕಜ್ಜ ಕೈಮುಗಿಯಲು ಬಗ್ಗಿದವರು ಹಾಗೆಯೇ ಕೂತುಬಿಟ್ಟರು.

"ಇದನ್ನು ತೊಳೆದಿರಾ ಅತ್ತಿಗೆ?"

"ತೊಳೆಯದೆ ಇಡ್ಲಿಕ್ಕುಂಟಾ?"

"ಅದು ಕೊಳೆ ಅಲ್ಲ. ಬಣ್ಣ."

"ಕೊಳೆಯ ಹಾಗೇ ಇತ್ತಲ್ಲ!"

"ಕೊಳೆಯ ಹಾಗೆ ಕಾಣ್ಲಿಕ್ಕೇ ನಾಲ್ಕು ತಿಂಗಳು ಹಿಡಿದದ್ದು."

ಬೈದಿದ್ದರೆ ನಾನೂ ಬೈಯಬಹುದಿತ್ತು. ಬೈಯಲಿಲ್ಲ. ಪಾಯಸ ಬೇಡವೆಂದರು. ಹೊಸ ವಸ್ತುವನ್ನು ಯಾರಾದರೂ ಬೇಕೆಂದೇ ಕೊಳೆ ಮಾಡುತ್ತಾರೆಂದು ನನಗೇನು ಕನಸು ಬೀಳಬೇಕೇ? ತಟ್ಟೆ ಕೊಡುವಾಗ ಒಂದು ಮಾತು ಹೇಳಬಾರದಿತ್ತೇ? ಅದಕ್ಕೇ ಅರ್ಧ ತಪ್ಪು ಅವರದು ಎನ್ನುವುದು.

ಪ್ರದರ್ಶನಕ್ಕೆ ಆರು ವಾರ ಉಳಿದಿತ್ತು. ಲಕ್ಷ್ಮೀಪೂಜೆ ಕಳೆದ ಮೇಲೆ ಅವರು ಬಾಗಿಲು ಹಾಕಿಕೊಂಡು ಮತ್ತೆ ಕೂತರು. ಮೊದಲ ದಿನ ಸೀಸೆಯೊಂದು ಉರುಳಿದ ಸದ್ದು. ಎರಡನೆಯ ದಿನವೂ ಅದೇ ಸದ್ದು, ಕೈಯ ನಡುಕ ಬೇಸಿಗೆಗಿಂತ ಹೆಚ್ಚಾಗಿತ್ತು. ಮೂರನೆಯ ದಿನ ಬಾಗಿಲು ತೆರೆದು ಬಂದು, ನಾನು ಬಟಾಣಿ ಸುಲಿಯುತ್ತಿದ್ದಲ್ಲಿ ನಿಂತರು.

"ಅತ್ತಿಗೆ, ನಿಮ್ಮ ಕೈ ಚಾಚಿ ನೋಡುವ."

ಚಾಚಿದೆ. ಅವರು ಬಗ್ಗಿ ನನ್ನ ಬೆರಳುಗಳನ್ನೇ ಸ್ವಲ್ಪ ಹೊತ್ತು ನೋಡಿದರು.

"ಅಲುಗುದಿಲ್ಲ. ಬನ್ನಿ. ನೀವೇ ತೊಳೆದದ್ದು, ನೀವೇ ಕೊಳೆ ಮಾಡಿ."

ಮಕ್ಕಳೇ, ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ನಾನು ಮಾಡಿದ್ದು ಒಂದೇ ಕೆಲಸ. ಹಂಡೆಯ ತಳದ ಮಸಿ, ಕಾವಲಿಯ ತುಕ್ಕು, ಗೋಡೆಯ ಜಿಡ್ಡು, ನೀರಿನ ಟಾಂಕಿಯ ಪಾಚಿ, ಎಲ್ಲವನ್ನೂ ತಿಕ್ಕಿ ತಿಕ್ಕಿ ತೆಗೆದದ್ದು. ಈಗ ಈ ವಯಸ್ಸಿನಲ್ಲಿ ಕನ್ನಡಕ ಏರಿಸಿಕೊಂಡು, ಉಸಿರು ಬಿಗಿಹಿಡಿದು, ಚೊಕ್ಕ ಇರುವ ವಿಮಾನಕ್ಕೆ ಮಸಿ ಹಚ್ಚಬೇಕು. ಅದಕ್ಕೂ ಬೈಸಿಕೊಳ್ಳಬೇಕು.

"ಅಷ್ಟು ಹಚ್ಚಬೇಡಿ! ಅಕ್ಕಿಕಾಳಿನಷ್ಟು ಕಲೆ ಅಂದ್ರೆ ನಿಜವಾದ್ದರಲ್ಲಿ ದಿಂಬಿನಷ್ಟು ಆಗ್ತದೆ. ಈ ವಿಮಾನ ಹಾರಿದೆ ಅತ್ತಿಗೆ, ಅಡುಗೆ ಮಾಡಿಲ್ಲ."

"ಹಾಗಾದರೆ ನೀನೇ ಹಚ್ಚು."

ಎಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಕಿಟಕಿಯ ಕಡೆ ತಿರುಗಿದರು. ಅಲ್ಲಿಂದಲೇ, "ಬ್ರಷ್ಷು ಸ್ವಲ್ಪ ಮಲಗಿಸಿ ಹಿಡೀರಿ," ಎಂದರು.

ಅವರ ಸೀಸೆಯ ಕಪ್ಪು ಪುಡಿ ನನಗೆ ಸರಿ ಬರಲಿಲ್ಲ. ಅದು ಮಸಿಯೇ ಅಲ್ಲ, ಸ್ಲೇಟು ಅರೆದ ಹಾಗೆ ನೀಲಿ ಹೊಡೆಯುತ್ತಿತ್ತು. ನಾನು ಹರಳೆಣ್ಣೆಯ ದೀಪ ಹಚ್ಚಿ, ಮೇಲೆ ಕಂಚಿನ ತಟ್ಟೆ ಕವುಚಿಟ್ಟು ಕಾಡಿಗೆ ಹಿಡಿದೆ, ನಿಮ್ಮ ಅಮ್ಮ ಹುಟ್ಟಿದಾಗ ಹಿಡಿದ ಹಾಗೆಯೇ.

"ಇದೆಂತ, ವಿಮಾನಕ್ಕೆ ನಾಮಕರಣವಾ?" ಎಂದರು.

ಬ್ರಷ್ಷಿನ ತುದಿಯಿಂದ ಒಂದು ಸಲ ಎಳೆದು ತೋರಿಸಿದೆ. ಅವರು ತಮ್ಮ ಸೀಸೆಯ ಮುಚ್ಚಳ ಹಾಕಿದರು. ತುಕ್ಕಿಗೆ ಹೋಟೆಲಿನ ಹಳೆಯ ದೋಸೆ ಕಾವಲಿಯನ್ನು ಕೆರೆದೆ.

ಮಸಿ ಎಲ್ಲಿ ಕೂರುತ್ತದೆ ಎಂಬುದರಲ್ಲಿ ಇನ್ನೊಂದು ಜಗಳ. ಇಂಜಿನ್ನಿನ ಹೊಗೆ ಬರುವ ತೂತಿನ ಬಾಯಲ್ಲೇ ಎಲ್ಲಕ್ಕಿಂತ ಕಪ್ಪಾಗಿರಬೇಕೆಂದು ಅವರು. ಅಲ್ಲ ಎಂದು ನಾನು. ಸೌದೆ ಒಲೆಯ ಮೇಲಿನ ಹಂಡೆಯ ತಳ ನೋಡಿದವರಿಗೆ ಗೊತ್ತು, ಬೆಂಕಿ ನೇರ ತಾಗುವಲ್ಲಿ ಮಸಿ ಸುಟ್ಟುಹೋಗಿ ಬೂದು ಬಣ್ಣ ಇರುತ್ತದೆ, ದಪ್ಪ ಮಸಿ ಅಂಚಿನಲ್ಲಿ. ಅವರು ನಂಬಲಿಲ್ಲ. ಮರುದಿನ ಬೆಳಿಗ್ಗೆ, "ಹೊರಡಿ, ನೋಡಿಯೇ ಬರುವ" ಎಂದು ಮನೆಗೆ ಹತ್ತಿರದ ದಕ್ಷಿಣೇಶ್ವರದಿಂದ ಮೆಟ್ರೋ ಹತ್ತಿಸಿ ಎಸ್ಪ್ಲನೇಡಿನ ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋದರು.

ಬಸ್ಸು ಹತ್ತಲು ಹೋದದ್ದಲ್ಲ. ಬಸ್ಸಿನ ಹಿಂಭಾಗ ನೋಡಲು. ಸೆರಗು ಹೊದ್ದು, ಸಾಲು ನಿಂತ ಬಸ್ಸುಗಳ ಹೊಗೆಕೊಳವೆಯ ಹತ್ತಿರ ಬಗ್ಗಿ ಬಗ್ಗಿ ನೋಡುವ ಹೆಂಗಸು ನಾನು. ಚಿಕ್ಕಜ್ಜನಾದರೋ ಫೋನಿನಲ್ಲಿ ಚಿತ್ರ ಹೊಡೆದದ್ದೇ ಹೊಡೆದದ್ದು. ಚಿತ್ರವೆಲ್ಲಾ ಅಲುಗಿ ಬರುತ್ತಿತ್ತು, ಮತ್ತೆ ಹೊಡೆಯುತ್ತಿದ್ದರು. ಒಬ್ಬ ಕಂಡಕ್ಟರು ಕೆಳಗಿಳಿದು ಬಂದ.

"ಮಾಸಿಮಾ, ಕೋಥಾಯ್ ಜಾಬೇನ್?" ಚಿಕ್ಕಮ್ಮಾ, ಎಲ್ಲಿಗೆ ಹೋಗಬೇಕು ಎಂದು ಕೇಳಿದ.

ನನಗೆ ಭೂಮಿ ಬಾಯ್ಬಿಟ್ಟಿದ್ದರೆ ಚೆನ್ನಾಗಿತ್ತು. ಚಿಕ್ಕಜ್ಜ ಗಂಭೀರವಾಗಿ ಬಂಗಾಳಿಯಲ್ಲಿ, "ಎಲ್ಲಿಗೂ ಇಲ್ಲ ದಾದಾ, ಇವರು ನಿಮ್ಮ ಬಸ್ಸಿನ ಮಸಿ ನೋಡ್ಲಿಕ್ಕೆ ಬಂದದ್ದು" ಎಂದುಬಿಟ್ಟರು. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಆಫೀಸಿನಿಂದ ಕಳಿಸಿದವರು ಎಂದುಕೊಂಡನೋ ಏನೋ, ಗಡಿಬಿಡಿಯಲ್ಲಿ ಒಂದು ಬಟ್ಟೆ ತಂದು ಕೊಳವೆಯ ಸುತ್ತ ಒರೆಸಲು ಶುರುಮಾಡಿದ.

"ಒರೆಸಬೇಡ, ಒರೆಸಬೇಡ!" ಎಂದು ನಾವಿಬ್ಬರೂ ಒಟ್ಟಿಗೆ ಕೂಗಿದೆವು, ಕನ್ನಡದಲ್ಲಿ.

ಆದರೆ ನಾನು ಹೇಳಿದ್ದೇ ಸರಿಯಿತ್ತು. ಕೊಳವೆಯ ಬಾಯಲ್ಲಿ ಬೂದು, ಗೇಣು ಆಚೆ ದಪ್ಪ ಕಪ್ಪು. ಹಿಂದಿರುಗುವಾಗ ಚಿಕ್ಕಜ್ಜ ಮೆಟ್ರೋದಲ್ಲಿ ಜಾಹೀರಾತು ಓದುತ್ತ ಕೂತರು. ಸೋತೆನೆಂದು ಹೇಳುವ ಅಭ್ಯಾಸ ನಿಮ್ಮ ಅಜ್ಜನ ವಂಶದಲ್ಲಿ ಇಲ್ಲ.

ಕಾಳಿಪೂಜೆ ಬಂತು, ಹೋಯಿತು. ದಿನಕ್ಕೆ ಒಂದು ಗಂಟೆ ಮಸಿ, ಒಂದು ಗಂಟೆ ಜಗಳ. ಮಳೆನೀರು ರೆಕ್ಕೆಯ ಬೆಸುಗೆಯಲ್ಲಿ ನಿಂತು ಎಲ್ಲಿ ಸೋರುತ್ತದೆ, ತುಕ್ಕು ಮೇಲಿನಿಂದಲ್ಲ ಕೆಳಗಿನಿಂದ ಹೇಗೆ ಶುರುವಾಗುತ್ತದೆ, ಇದನ್ನೆಲ್ಲ ನಾನು ಹೇಳಿದೆ. ಗಾಳಿ ಯಾವ ಕಡೆ ಹೋಗುತ್ತದೆ, ಎಣ್ಣೆ ಎಲ್ಲಿ ತೊಟ್ಟಿಕ್ಕುತ್ತದೆ ಎಂದು ಅವರು ಹೇಳಿದರು. ಕೊನೆಯ ದಿನ ನಾನೇ ಕೇಳಿದೆ, "ರೆಕ್ಕೆಯ ಮೇಲೆ ಕೊಕ್ಕರೆ ಕೂತಿತ್ತು ಅಂದೆಯಲ್ಲ. ಹಿಕ್ಕೆ ಎಲ್ಲಿ?"

ಅಕ್ಕಿಹಿಟ್ಟು ಕಲಸಿ, ಹಿಡಿಸೂಡಿಯ ಕಡ್ಡಿಯ ತುದಿಯಿಂದ ನಾಲ್ಕು ಚುಕ್ಕಿ ಇಟ್ಟೆ. ಅವರು ಕುರ್ಚಿಗೆ ಒರಗಿ ನಕ್ಕರು. ನವಮಿಯ ನಂತರ ಅವರು ನಕ್ಕಿದ್ದು ಅದೇ ಮೊದಲು.

ಪ್ರದರ್ಶನದ ದಿನ ನಾನು ಬರುವುದಿಲ್ಲವೆಂದೆ. ಪೆಟ್ಟಿಗೆ ಹಿಡಿಯಲು ಬೇಕೆಂದರು. ಹಾಲಿನಲ್ಲಿ ಉದ್ದನೆಯ ಮೇಜುಗಳು, ಅವುಗಳ ಮೇಲೆ ವಿಮಾನ, ಕಾರು, ಯುದ್ಧದ ಟ್ಯಾಂಕುಗಳು. ಎಲ್ಲರೂ ಬೆನ್ನು ಬಗ್ಗಿಸಿ ನೋಡುವವರೇ. ಪ್ರತಿಯೊಂದರ ಮುಂದೆ ಮಾಡಿದವರ ಹೆಸರಿನ ಚೀಟಿ ಇಡಬೇಕು. ಚಿಕ್ಕಜ್ಜ ಮನೆಯಲ್ಲೇ ಕಂಪ್ಯೂಟರಿನಲ್ಲಿ ಅಚ್ಚು ಹಾಕಿಸಿ ತಂದಿದ್ದರು, ನನಗೆ ತೋರಿಸಿರಲಿಲ್ಲ. ಕೂಟದ ಹಿರಿಯರೊಬ್ಬರು, ಮಫ್ಲರು ಸುತ್ತಿಕೊಂಡ ಬಂಗಾಳಿ ಯಜಮಾನರು, ಅದನ್ನು ಗಟ್ಟಿಯಾಗಿ ಓದಿದರು. ಮೊದಲ ಸಾಲಿನಲ್ಲಿ ಚಿಕ್ಕಜ್ಜನ ಹೆಸರು. ಎರಡನೆಯ ಸಾಲಿನಲ್ಲಿ ನನ್ನದು, "ಮಸಿ, ತುಕ್ಕು, ಕಲೆ" ಎಂದು.

ಅಷ್ಟು ಜನರ ನಡುವೆ ನನ್ನ ಹೆಸರು! ನಾನು ಕಂಬದ ಹಿಂದೆ ಸರಿದೆ.

"ದಾದಾ, ಸ್ಪರ್ಧೆ ಒಬ್ಬರೇ ಮಾಡಿದ್ದಕ್ಕೆ ಮಾತ್ರ, ನಿಮಗೆ ಗೊತ್ತಲ್ಲ," ಎಂದರು ಹಿರಿಯರು. "ಎರಡನೇ ಸಾಲು ಕತ್ತರಿಸಿಬಿಡಿ, ಸ್ಪರ್ಧೆಯ ಮೇಜಿಗೆ ಇಡ್ತೇನೆ. ಎಲ್ಲರೂ ಮನೆಯವರ ಸಹಾಯ ತಗೊಳ್ತಾರೆ."

"ಕತ್ತರಿಸು, ಕತ್ತರಿಸು," ಎಂದು ನಾನು ಕಂಬದ ಹಿಂದಿನಿಂದ ಕನ್ನಡದಲ್ಲಿ ಪಿಸುಗುಟ್ಟಿದೆ. "ಇದಕ್ಕಾಗಿಯೇ ಅಲ್ವಾ ಆರು ವಾರ ಒದ್ದಾಡಿದ್ದು?"

ಅವರು ಕತ್ತರಿಸಲಿಲ್ಲ. ಬಲಗೈಯನ್ನು ಮೇಜಿನ ಮೇಲೆ ಚಾಚಿ ಇಟ್ಟರು. ಬೆರಳುಗಳು ಮೇಜಿನ ಬಟ್ಟೆಯ ಮೇಲೆ ತಮ್ಮಷ್ಟಕ್ಕೆ ಕುಣಿಯುತ್ತಿದ್ದವು.

"ನೋಡಿ," ಎಂದರು ಬಂಗಾಳಿಯಲ್ಲಿ. "ಈ ಕೈಯಿಂದ ಆ ಗೆರೆ ಎಳೆದೆ ಅಂತ ಹೇಳಿದರೆ ನೀವೇ ನಂಬುದಿಲ್ಲ."

ಐದು ತಿಂಗಳು! ನಿಮ್ಮ ಮಾವನಿಗೂ ಹೇಳದೆ, ನಿಮ್ಮ ಅಮ್ಮನಿಗೂ ಹೇಳದೆ, ಅರ್ಧ ಲೋಟ ಕಾಫಿ ಕೊಡುತ್ತ ನಾನು ಮುಚ್ಚಿಟ್ಟ ಗುಟ್ಟನ್ನು, ಚಹಾ ಕುಡಿಯುತ್ತಿದ್ದ ಇಪ್ಪತ್ತು ಜನರ ಮುಂದೆ ಹೀಗೆ ಹರಡಿದರು. ನನಗೆ ಎಷ್ಟು ಸಿಟ್ಟು ಬಂತೆಂದರೆ ಕಂಬ ಬಿಟ್ಟು ಹೊರಗೆ ಬಂದೆ. ಹಿರಿಯರು ಚಿಕ್ಕಜ್ಜನ ಕೈಯ ಮೇಲೆ ತಮ್ಮ ಕೈಯನ್ನು ಒಂದು ಕ್ಷಣ ಇಟ್ಟರು. ಆಮೇಲೆ ವಿಮಾನವನ್ನು ಎರಡೂ ಕೈಯಲ್ಲಿ ಎತ್ತಿ, ಬಾಗಿಲ ಬಳಿಯ ಮೇಜಿನ ಮೇಲೆ, ಬರಿಯ ನೋಡುವುದಕ್ಕೆ ಇಟ್ಟವುಗಳ ಜೊತೆಗೆ ಇಟ್ಟರು. ಸ್ಪರ್ಧೆ ಅಲ್ಲಿಗೆ ಮುಗಿಯಿತು.

ಅದರ ಮುಂದೆ ಜನ ನಿಂತದ್ದು ನಿಜ. ಮಸಿ ಯಾವ ಕಂಪನಿಯದು ಎಂದು ಒಬ್ಬಳು ಕಾಲೇಜಿನ ಹುಡುಗಿ ನನ್ನನ್ನೇ ಕೇಳಿದಳು. "ಪ್ರದೀಪೇರ್ ಕಾಲಿ," ದೀಪದ್ದು ಎಂದೆ. ಅಷ್ಟೇ ಬಂಗಾಳಿ ನನ್ನ ಬಾಯಿಂದ ಹೊರಟದ್ದು. ಅದನ್ನೇ ಬರೆದುಕೊಂಡು ಹೋದಳು.

ಮೆಟ್ರೋದ ಮೆಟ್ಟಿಲಿಳಿಯುವಾಗ ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಜ್ಜ, "ಗೊತ್ತುಂಟು ಅತ್ತಿಗೆ. ಪ್ರದರ್ಶನ ಮುಗೀತು. ಸೋಮವಾರ ಹೋಗುವ," ಎಂದರು.

ಸೋಮವಾರ ಡಾಕ್ಟರು ಅವರಿಗೆ ಒಂದು ಹಾಳೆ, ಒಂದು ಪೆನ್ನು ಕೊಟ್ಟು, ನಡುವಿನಿಂದ ಶುರುಮಾಡಿ ಸುತ್ತು ಸುತ್ತಾಗಿ ಬರೆಯಲು ಹೇಳಿದರು. ಚಿಕ್ಕಜ್ಜ ಎಡಗೈಯಿಂದ ಹಾಳೆ ಒತ್ತಿ ಹಿಡಿದು ಬರೆದರು. ಗೆರೆ ಹಲ್ಲು ಹಲ್ಲಾಗಿ, ಗರಗಸದ ಹಾಗೆ ಬಂತು. ಅವರು ಅದನ್ನು ದೂರ ಹಿಡಿದು ನೋಡಿ ಡಾಕ್ಟರ ಕಡೆ ಜಾರಿಸಿದರು. ನನಗೆ ಬೈಯಲು ಏನೂ ಸಿಗಲಿಲ್ಲ. ಮಾತ್ರೆಯಿಂದ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ ಎಂದರು ಡಾಕ್ಟರು. ಸಣ್ಣ ಕೆಲಸ ಇನ್ನು ಬೇಡ ಎಂದರು.

ಹೊರಗೆ ಬಂದು ಮಾತ್ರೆಯ ಚೀಟಿ ಜೇಬಿಗಿಟ್ಟುಕೊಂಡು ಚಿಕ್ಕಜ್ಜ ರಸ್ತೆಯ ಆಚೆ ನೋಡುತ್ತ ನಿಂತರು. ಏನು ಹೇಳಿ ಸಮಾಧಾನ ಮಾಡಲಿ ಎಂದು ನಾನು ಮಾತು ಹುಡುಕುತ್ತಿದ್ದೆ.

"ಅತ್ತಿಗೆ, ಅಲ್ಲಿ ಕಣ್ಣಿನ ಡಾಕ್ಟರು ಇದ್ದಾರೆ. ಬನ್ನಿ, ನಿಮ್ಮ ಕಣ್ಣು ತೋರಿಸುವ."

"ನನ್ನ ಕಣ್ಣಿಗೆ ಎಂತ ಆಗಿದೆ?"

"ಬಲ ರೆಕ್ಕೆಯ ಮಸಿ ಎಡದ್ದಕ್ಕಿಂತ ಒಂದು ನೂಲು ದಪ್ಪ ಆಗಿದೆ. ಪ್ರದರ್ಶನ ಮುಗೀಲಿ ಅಂತ ಇಷ್ಟು ದಿನ ಹೇಳಿರಲಿಲ್ಲ."

ರಸ್ತೆಯ ಬದಿಯಲ್ಲೇ ನಿಂತು ಅವರನ್ನು ಬಾಯಿಗೆ ಬಂದ ಹಾಗೆ ಬೈದೆ, ಗಟ್ಟಿಯಾಗಿ. ಹೋಗುತ್ತಿದ್ದವರು ತಿರುಗಿ ನೋಡಿದರು. ಅವರು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡು, ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, ಬಸ್ಸಿಗೆ ಕೈ ಅಡ್ಡ ಹಿಡಿದು ನನ್ನನ್ನು ರಸ್ತೆ ದಾಟಿಸಿದರು.